ನೀರಿನ ಕೆಳಗಿನ ಏಳು ತೂತುಗಳು

2023 ಜುಲೈ 26, ಬುಧವಾರ
ತಳಂಗರೆ, ಕಾಸರಗೋಡು

ಬೆಳಗ್ಗೆ ಏಳರ ಹೊತ್ತಿಗೆ ಮಳೆ ಕೊಂಚ ಹೊಳವಾದ್ದರಿಂದ ನಾನೂ ನನ್ನ ಪತ್ನಿಯೂ ಚಂದ್ರಗಿರಿ ಹೊಳೆಯ ದಡದಲ್ಲಿ ಮಡಲಿನ ಚಪ್ಪರದ ಕೆಳಗೆ ನಿಂತಿರುವ ನಮ್ಮ ಹಾಯಿದೋಣಿಯ ಬಳಿಗೆ ಹೋದೆವು. ಆಟಿ ತಿಂಗಳ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದೆ, ಅಳಿವೆಯ ಕಡೆಯಿಂದ ಕಡಲಿನ ಮೊರೆತ ಇಡೀ ದಿನ ಕೇಳಿಸುತ್ತಿರುತ್ತದೆ. ಟ್ರಾಲಿಂಗ್ ನಿಷೇಧ ಮುಗಿಯಲು ಇನ್ನು ಐದೇ ದಿನ ಉಳಿದಿರುವುದರಿಂದ ಪಕ್ಕದ ದಕ್ಕೆಯಲ್ಲಿ ಬಲೆ ಹೆಣೆಯುವವರಿಗೂ ಎಂಜಿನ್ ಬಿಚ್ಚಿ ಜೋಡಿಸುವವರಿಗೂ ಬಿಡುವಿಲ್ಲ. ನಮ್ಮ ಗಡುವು ಅಕ್ಟೋಬರ್. ಮಳೆಗಾಲ ಹಿಂದೆ ಸರಿದ ಮೇಲೆ ಈ ದೋಣಿಯಲ್ಲೇ ಮನೆ ಮಾಡಿ, ಮುಂದಿನ ಮೇ ತಿಂಗಳವರೆಗೆ ಪಡುಗಡಲಿನ ಅಂಚಿನಲ್ಲಿ ತಿರುಗಾಡುವುದೆಂದು ಇಬ್ಬರೂ ನಿಶ್ಚಯಿಸಿದ್ದೇವೆ.

ಕೋಟಿಕುಳಂ, ಪಾಲಕುನ್ನು ಕಡೆಯ ಎಷ್ಟೋ ಮನೆಗಳ ಗಂಡಸರಂತೆ ನಾನೂ ಸರಕು ಹಡಗುಗಳಲ್ಲಿ ಫಿಟ್ಟರ್ ಆಗಿ ಇಪ್ಪತ್ತಾರು ವರ್ಷ ದುಡಿದವನು. ಲೋಹ ನನಗೆ ಗೊತ್ತು, ಎಂಜಿನ್ ಗೊತ್ತು. ಗಾಳಿಯನ್ನೇ ನಂಬಿ ಸಾಗುವ ವಿದ್ಯೆಯನ್ನು ಮಾತ್ರ ನಿವೃತ್ತಿಯ ನಂತರ ಕಲಿತೆ. ದೋಣಿ 31 ಅಡಿಯದು, ಫೈಬರ್ ಗ್ಲಾಸಿನದು, ಅಡಿಯಲ್ಲಿ ಜೋಡಿ ಕೀಲ್, ಅಂದರೆ ತಳದಿಂದ ನೀರಿಗಿಳಿದ ಎರಡು ಭಾರದ ರೆಕ್ಕೆಗಳು, ಇರುವಂಥದ್ದು. ಜೋಡಿ ಕೀಲಿನ ದೋಣಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ನೀರಿದ್ದರೆ ಸಾಕು. ಇಳಿತದಲ್ಲಿ ನೀರು ಬತ್ತಿದರೂ ಅದು ಮಗ್ಗುಲಿಗೆ ವಾಲದೆ ಎರಡು ಕಾಲುಗಳ ಮೇಲೆ ಕೆಸರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಮರಳು ದಿಬ್ಬ ಕಟ್ಟಿಕೊಳ್ಳುವ ನಮ್ಮ ಅಳಿವೆಗಳಿಗೆ ಇದಕ್ಕಿಂತ ಹೊಂದುವ ದೋಣಿ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಳೆದ ಎಪ್ರಿಲಿನಲ್ಲಿ ಗೋವೆಯಿಂದ ಕಡಲ ದಾರಿಯಲ್ಲೇ ಇದನ್ನು ಇಲ್ಲಿಗೆ ತಂದೆವು, ಮೇ ಕೊನೆಯಲ್ಲಿ ಕ್ರೇನ್ ಹಿಡಿಸಿ ದಡಕ್ಕೆ ಏರಿಸಿದೆವು.

ಇಂದಿನ ಕೆಲಸ ಶೌಚಾಲಯದ ನೀರು ಹೊರಹೋಗುವ ಸೀಕಾಕನ್ನು, ಅಂದರೆ ದೋಣಿಯ ಮೈಯನ್ನು ತೂತು ಮಾಡಿ ಕೂರಿಸಿದ ನಲ್ಲಿಯನ್ನು, ಬಿಚ್ಚಿ ಶುಚಿಗೊಳಿಸುವುದಾಗಿತ್ತು. ಹಿಡಿಯನ್ನು ತಿರುಗಿಸಲು ನೋಡಿದೆ, ಬಿಗಿಯಾಗಿತ್ತು. ಸ್ಪ್ಯಾನರ್ ಹಾಕಿ ಮೆಲ್ಲನೆ ಒತ್ತಿದಾಗ ಅದು ತಿರುಗಲಿಲ್ಲ. ಕುತ್ತಿಗೆಯ ಬಳಿ ಒಣಗಿದ ರೊಟ್ಟಿಯಂತೆ ಸದ್ದೇ ಇಲ್ಲದೆ ಮುರಿದು ಕೈಗೆ ಬಂತು. ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದೆವು. ಹೊರಗಿನ ಒಂದು ತೆಳು ಪದರ ಮಾತ್ರ ಹಳದಿ, ಒಳಗೆಲ್ಲ ನಸುಗೆಂಪು. ಅರವನ್ನು ಎರಡು ಸಲ ಆಡಿಸಿದರೆ ಹೊಳಪೇರುವ ಬದಲು ಇಟ್ಟಿಗೆಯ ಹುಡಿಯಂಥ ಪುಡಿ ಉದುರಿತು. ಉಗುರಿನಿಂದ ಕೆರೆದರೂ ಗೀರು ಬೀಳುತ್ತಿತ್ತು. ನಲ್ಲಿ ಹಿತ್ತಾಳೆಯದು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಉಪ್ಪುನೀರು ಅದರೊಳಗಿನ ಸತುವನ್ನು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಹೀರಿ ತೆಗೆಯುತ್ತದೆ, ಕೊನೆಗೆ ಸ್ಪಂಜಿನಂತೆ ತೂತುತೂತಾದ ತಾಮ್ರದ ಗೂಡು ಮಾತ್ರ ಉಳಿಯುತ್ತದೆ. ಆಕಾರ ಹಾಗೆಯೇ ಇರುತ್ತದೆ, ಬಲ ಇರುವುದಿಲ್ಲ. ಕಂಚಿಗೆ ಈ ರೋಗವಿಲ್ಲ. ಹಿಂದಿನ ಮಾಲಕರು ಇದನ್ನು ಕಂಚಿನದೆಂದು ನಂಬಿಯೇ ಕೊಂಡಿದ್ದರು. ದೋಣಿಯ ಕಾಗದಗಳ ಜೊತೆ ನಮಗೆ ಬಂದ ಅಂಗಡಿಯ ರಶೀದಿಯಲ್ಲೂ ಕಂಚೆಂದೇ ಬರೆದಿದೆ. ಗೋವೆಯಿಂದ ಬರುವ ನಾಲ್ಕು ರಾತ್ರಿ ಈ ನಲ್ಲಿಯು ನಾವು ಮಲಗುತ್ತಿದ್ದ ಹಲಗೆಯಿಂದ ಎರಡು ಮೊಳ ದೂರದಲ್ಲಿತ್ತು. ಪತ್ನಿ ಆ ತುಂಡನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಆಮೇಲೆ ಲೆಕ್ಕ ಹಾಕಿದೆ. ಆ ತೂತಿನ ಅಗಲ 38 ಮಿಲಿಮೀಟರ್, ಅದು ನೀರಿನ ಮಟ್ಟಕ್ಕಿಂತ ಸುಮಾರು ಎರಡು ಅಡಿ ಕೆಳಗಿದೆ. ಅಷ್ಟು ಆಳದಲ್ಲಿ ಅಷ್ಟು ಅಗಲದ ತೂತು ತೆರೆದುಕೊಂಡರೆ ನಿಮಿಷಕ್ಕೆ 100 ಲೀಟರಿಗೂ ಮಿಕ್ಕಿ ನೀರು ಒಳನುಗ್ಗುತ್ತದೆ. ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ನಮ್ಮ ಬಿಲ್ಜ್ ಪಂಪಿನ ಮೇಲೆ ಗಂಟೆಗೆ 2000 ಲೀಟರ್ ಎಂದು ಬರೆದಿದೆ, ಅಂದರೆ ನಿಮಿಷಕ್ಕೆ 33 ಲೀಟರ್, ಅದೂ ಬ್ಯಾಟರಿ ತುಂಬಿದ್ದು ಕೊಳವೆ ನೆಟ್ಟಗಿದ್ದರೆ. ಇಂಥ ಒಂದು ನಲ್ಲಿ ನಡುರಾತ್ರಿ ಮುರಿದರೆ ಪಂಪನ್ನು ನಂಬಿ ಕೂರುವಂತಿಲ್ಲ. ಕೈಗೆ ಸಿಗುವಲ್ಲಿ ಮರದ ಬೆಣೆ ಇರಬೇಕು, ಕತ್ತಲಲ್ಲೂ ಆ ಜಾಗಕ್ಕೆ ಕೈ ತಾನಾಗಿ ಹೋಗಬೇಕು.

ಜೂನ್ ತಿಂಗಳಿಡೀ ನಾವು ಹಾಸಿಗೆ, ಅಡುಗೆಕಟ್ಟೆ, ಕಪಾಟುಗಳ ಕೆಲಸದಲ್ಲಿ ಮುಳುಗಿದ್ದೆವು. ಅದು ತಪ್ಪು ಕ್ರಮವಾಗಿತ್ತೆಂದು ಇಂದು ಒಪ್ಪಿಕೊಳ್ಳುತ್ತೇನೆ. ಮನೆ ಕಟ್ಟುವವನು ಬಾಗಿಲು ಕಿಟಕಿಗಳನ್ನು ಹೆಚ್ಚಿಸುತ್ತಾನೆ, ದೋಣಿಯಲ್ಲಿ ಬಾಳುವವನು ಮೊದಲು ನೀರಿನ ಕೆಳಗಿನ ಬಾಗಿಲುಗಳನ್ನು ಕಡಿಮೆ ಮಾಡಬೇಕು. ಪ್ರೊಪೆಲ್ಲರ್ ಶಾಫ್ಟಿನ ದಾರಿಯನ್ನು ಬಿಟ್ಟರೆ ನಮ್ಮ ದೋಣಿಯಲ್ಲಿ ಅಂಥವು ಏಳು: ಎಂಜಿನನ್ನು ತಣಿಸುವ ನೀರಿಗೆ ಒಂದು, ಶೌಚಾಲಯಕ್ಕೆ ಎರಡು, ಅಡುಗೆಯ ತೊಟ್ಟಿಗೆ ಒಂದು, ಕೈತೊಳೆಯುವ ಬೇಸಿನ್ನಿಗೆ ಒಂದು, ಚುಕ್ಕಾಣಿ ಹಿಡಿದು ಕೂರುವ ತಗ್ಗಿನಲ್ಲಿ, ಅಂದರೆ ಕಾಕ್‌ಪಿಟ್ಟಿನಲ್ಲಿ, ತುಂಬಿದ ನೀರು ಹರಿದುಹೋಗಲು ಎರಡು. ಬೇಸಿನ್ ಬೇಡ, ಬಕೆಟ್ ಸಾಕೆಂದು ಪತ್ನಿಯೇ ಹೇಳಿದಳು. ಶೌಚಾಲಯದ ಎರಡನ್ನೂ ಮುಚ್ಚಿಬಿಡುವ ದಾರಿಯೂ ಅವಳಿಗೇ ಹೊಳೆಯಿತು.

ಮೂತ್ರವನ್ನು ಬೇರ್ಪಡಿಸಿ ಉಳಿದದ್ದನ್ನು ತೆಂಗಿನ ನಾರಿನ ಹುಡಿಯಲ್ಲಿ ಮುಚ್ಚಿಡುವ ಒಣ ಶೌಚಾಲಯವನ್ನು ದೂರ ಪಯಣದ ಅನೇಕ ಹಾಯಿದೋಣಿಗಳವರು ಬಳಸುತ್ತಾರೆ. ನಲ್ಲಿ, ಪಂಪು, ಕೊಳವೆ, ತೊಟ್ಟಿ ಯಾವುದೂ ಬೇಡ. ಹುಡಿಯು ತೇವವನ್ನು ಹೀರಿಕೊಳ್ಳುತ್ತದೆ, ಗಾಳಿಯಾಡಲು ಒಂದು ಸಣ್ಣ ಫ್ಯಾನ್ ಇದ್ದರೆ ವಾಸನೆ ನಿಲ್ಲುವುದಿಲ್ಲ. ವಿದೇಶದವರು ಇಟ್ಟಿಗೆಯಂತೆ ಒತ್ತಿದ ಈ ಹುಡಿಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ನಮ್ಮೂರಲ್ಲಿ ಅದು ನಾರು ಬಿಡಿಸುವಲ್ಲಿ ರಾಶಿಬಿದ್ದಿರುತ್ತದೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಶುರುವಾಗಿ ಈಗ ಸಿಪಿಸಿಆರ್‌ಐ ಎಂದು ಹೆಸರಾದ ಸಂಸ್ಥೆ ನಮ್ಮ ಕಾಸರಗೋಡಿನಲ್ಲೇ ಇದ್ದು, ಈ ಹುಡಿಯನ್ನು ಗೊಬ್ಬರವಾಗಿಸುವ ವಿಧಾನಗಳನ್ನು ಅಲ್ಲಿನವರು ರೂಪಿಸಿದ್ದಾರೆ. ಪತ್ನಿ ಮನೆಯ ತೆಂಗಿನ ಬುಡಗಳಿಗೆ ಅಂಥ ಗೊಬ್ಬರವನ್ನು ಮಾಡಿದವಳು. ಹುಡಿ ಎಷ್ಟು ಒಣಗಿರಬೇಕೆಂದು ಮುಷ್ಟಿಯಲ್ಲಿ ಹಿಂಡಿಯೇ ಹೇಳಬಲ್ಲಳು. ಏಳು ತೂತುಗಳು ಹೀಗೆ ನಾಲ್ಕಕ್ಕೆ ಇಳಿದವು. ಎಂಜಿನ್ನಿನದಕ್ಕೆ ನಿಜವಾದ ಕಂಚಿನ ಸೀಕಾಕ್, ಉಳಿದ ಮೂರಕ್ಕೆ ಗಾಜಿನ ನಾರು ಬೆರೆಸಿದ ಗಟ್ಟಿ ನೈಲಾನಿನದು, ಪ್ರತಿ ಕೊಳವೆಗೂ ಎರಡೆರಡು ಕ್ಲಿಪ್ ಎಂದು ತೀರ್ಮಾನಿಸಿದೆವು.

ಮುಚ್ಚುವುದೆಂದರೆ ತೂತಿಗೆ ಮೇಣ ತುಂಬಿದಂತಲ್ಲ. ನಮ್ಮ ದೋಣಿಯ ಮೈ ಆ ಜಾಗದಲ್ಲಿ 10 ಮಿಲಿಮೀಟರ್ ದಪ್ಪವಿದೆ. ತೂತಿನ ಸುತ್ತ ಅದರ ಹನ್ನೆರಡು ಪಟ್ಟು, ಅಂದರೆ 120 ಮಿಲಿಮೀಟರ್ ದೂರದವರೆಗೆ ಬಟ್ಟಲಿನಂತೆ ಇಳಿಜಾರಾಗಿ ಉಜ್ಜಿ, ಗಾಜಿನ ನಾರಿನ ಬಟ್ಟೆಯ ವೃತ್ತಗಳನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ ಪದರದ ಮೇಲೆ ಪದರವಾಗಿ ಕೂರಿಸಬೇಕು. ಉಜ್ಜುವ ಕೆಲಸವನ್ನು ಈಗಲೇ ಮಾಡಬಹುದು, ಎಪಾಕ್ಸಿಯನ್ನು ಈಗ ಹಚ್ಚಬಾರದು. ಆಟಿಯ ಗಾಳಿಯಲ್ಲಿರುವ ತೇವಕ್ಕೆ ಅದರ ಮೇಲೆ ಜಿಡ್ಡಿನಂಥ ಪೊರೆ ಕಟ್ಟುತ್ತದೆ, ಮುಂದಿನ ಪದರ ಅದಕ್ಕೆ ಹಿಡಿಯುವುದಿಲ್ಲ. ಉಜ್ಜಿದ ಜಾಗದ ಮೇಲೆ ಒಂದು ಪಾಲಿಥೀನ್ ತುಂಡನ್ನು ನಾಲ್ಕೂ ಅಂಚು ಟೇಪಿನಿಂದ ಅಂಟಿಸಿ ಬಿಟ್ಟು, ಮರುದಿನ ಒಳಬದಿಯಲ್ಲಿ ಹನಿಗಳು ಕೂಡಿವೆಯೇ ಎಂದು ನೋಡುತ್ತಿರಬೇಕು. ಒಂದು ಹನಿಯೂ ಕಾಣದ ಮೂರು ದಿನ ಸಿಗುವವರೆಗೆ, ಬಹುಶಃ ಸೆಪ್ಟೆಂಬರ್ ಕೊನೆಯವರೆಗೆ, ಕಾಯುತ್ತೇವೆ.

ಉಳಿದ ಕೆಲಸಗಳೂ ಇವೆ. ಹಾಯಿ ಕಟ್ಟುವ ಕೂವೆಮರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳಿಗೆ ಹನ್ನೆರಡು ವರ್ಷ ಕಳೆದಿರುವುದರಿಂದ ಎಲ್ಲವನ್ನೂ ಬದಲಾಯಿಸುತ್ತಿದ್ದೇವೆ. ಆ ತಂತಿಗಳು ಡೆಕ್ಕಿಗೆ ಕಚ್ಚಿಕೊಳ್ಳುವ ಉಕ್ಕಿನ ಪಟ್ಟಿಗಳನ್ನೂ ಹೊರಗೆಳೆದು ನೋಡಲೇಬೇಕು, ಏಕೆಂದರೆ ಸ್ಟೇನ್‌ಲೆಸ್ ಉಕ್ಕು ಗಾಳಿ ತಾಗುವಲ್ಲಿ ಹೊಳೆಯುತ್ತಿದ್ದರೂ ಡೆಕ್ಕಿನ ದಪ್ಪದೊಳಗೆ ಗಾಳಿಯಿಲ್ಲದೆ ನೀರು ನಿಂತ ಜಾಗದಲ್ಲಿ ಗುಟ್ಟಾಗಿ ಕೊರೆದುಹೋಗುತ್ತದೆ. 2018ರ ಸೆಪ್ಟೆಂಬರಿನಲ್ಲಿ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಓಟದಲ್ಲಿ ಒಬ್ಬರೇ ಸಾಗುತ್ತಿದ್ದ ಅಭಿಲಾಷ್ ಟೋಮಿಯವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಉರುಳಿ ಕೂವೆ ಮುರಿದಿತ್ತು, ಬೆನ್ನಿಗೆ ಪೆಟ್ಟಾಗಿ ಅವರು ಮಲಗಿದ್ದಲ್ಲಿಂದ ಏಳಲಾರದೆ ಇದ್ದರು. ಉಪಗ್ರಹಕ್ಕೆ ದೋಣಿಯ ಗುರುತು ಕಳುಹಿಸುವ ಉಪಕರಣಗಳಿದ್ದುದರಿಂದ ಅವರು ಎಲ್ಲಿದ್ದಾರೆಂಬುದು ಗೊತ್ತಾಗಿ, ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ಎತ್ತಿಕೊಂಡಿತು. ಅದೇ ಓಟಕ್ಕೆ ಮತ್ತೆ ಹೊರಟು ಈ ವರ್ಷದ ಎಪ್ರಿಲಿನಲ್ಲಿ ಎರಡನೆಯವರಾಗಿ ಮುಗಿಸಿದ ಅವರನ್ನು ನೆನೆದಾಗಲೆಲ್ಲ ನನ್ನ ಕೈಗೆ ಕೆಲಸದ ಹುರುಪು ಬರುತ್ತದೆ. ನಾವು ಹೋಗುವುದು ಕರಾವಳಿಯ ಅಂಚಿನಲ್ಲೇ ಆದರೂ 406 ಮೆಗಾಹರ್ಟ್ಸ್‌ನ ಇಪರ್ಬ್, ಅಂದರೆ ಅಪಾಯದಲ್ಲಿ ಉಪಗ್ರಹಕ್ಕೆ ಕರೆ ಕಳುಹಿಸುವ ಉಪಕರಣ, ಕೊಳ್ಳುತ್ತಿದ್ದೇವೆ. ವಿಎಚ್‌ಎಫ್ ರೇಡಿಯೋ ಅಪಾಯದ ಕರೆಗಳಿಗೆಂದಿರುವ 16ನೇ ಚಾನೆಲ್ಲಿನಲ್ಲಿ ಸದಾ ತೆರೆದಿರುತ್ತದೆ, ಕೋಸ್ಟ್ ಗಾರ್ಡಿನ 1554 ಸಂಖ್ಯೆಯನ್ನು ಮೆಟ್ಟಿಲಿನ ಪಕ್ಕದಲ್ಲೇ ದೊಡ್ಡದಾಗಿ ಬರೆದಿದ್ದೇನೆ.

ಲಂಗರಿನ ವಿಷಯದಲ್ಲಿ ಜಿಪುಣತನ ಸಲ್ಲದು. 8 ಮಿಲಿಮೀಟರ್ ಸರಪಳಿ 40 ಮೀಟರ್, ಅದರ ಹಿಂದೆ ನೈಲಾನ್ ಹಗ್ಗ. ನೀರು ಐದು ಮೀಟರ್, ಡೆಕ್ಕಿನ ಎತ್ತರ ಒಂದು ಮೀಟರ್ ಎಂದಾದರೆ ಒಟ್ಟು ಆರರ ಐದು ಪಟ್ಟು, ಅಂದರೆ 30 ಮೀಟರ್ ಬಿಟ್ಟರೆ ಮಾತ್ರ ಲಂಗರು ಮಲಗಿಕೊಂಡು ನೆಲವನ್ನು ಕಚ್ಚುತ್ತದೆ.

ಅಡುಗೆಯ ಕಡೆಯದನ್ನೆಲ್ಲ ಪತ್ನಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಕುಡಿಯಲು ಮತ್ತು ಬೇಯಿಸಲು ದಿನಕ್ಕೆ ತಲಾ 3 ಲೀಟರ್, ಉಳಿದದ್ದಕ್ಕೆ ಇಬ್ಬರಿಗೂ ಸೇರಿ 4, ಒಟ್ಟು 10. ನಮ್ಮ ತೊಟ್ಟಿಯ 180 ಲೀಟರ್ ಹದಿನೆಂಟು ದಿನಕ್ಕೆ ಬರುತ್ತದೆ. ಪಾತ್ರೆಯನ್ನು ಕಡಲ ನೀರಿನಲ್ಲಿ ತೊಳೆದು ಕೊನೆಗೊಮ್ಮೆ ಸಿಹಿನೀರಿನಲ್ಲಿ ಜಾಲಾಡಿಸುವುದು. ಕುಚ್ಚಲಕ್ಕಿಯಿಲ್ಲದೆ ನಮಗೆ ಊಟವಿಲ್ಲ, ಆದರೆ ಅದು ಬೇಯುವಷ್ಟು ಹೊತ್ತು ಗ್ಯಾಸ್ ಉರಿಸಿದರೆ ಐದು ಕಿಲೋ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಇಲ್ಲಿನ ಮನೆಗಳಲ್ಲಿ ಎಲ್ಲರೂ ಬಳಸುವ ಥರ್ಮಲ್ ರೈಸ್ ಕುಕ್ಕರಿನಲ್ಲಿ, ರಾತ್ರಿ ನೆನೆಹಾಕಿದ ಅಕ್ಕಿಯನ್ನು ಹತ್ತು ನಿಮಿಷ ಕುದಿಸಿ ಮುಚ್ಚಿಟ್ಟರೆ ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ. ನಿನ್ನೆ ಮನೆಯಲ್ಲಿ ಮಾಡಿ ನೋಡಿದಳು, ಗಂಜಿ ಹದವಾಗಿ ಬಂದಿತ್ತು. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಾವಿನ ಮಿಡಿ, ಹಪ್ಪಳ, ಒಣಮೀನು ಎಲ್ಲವೂ ಜಾಡಿ ಸೇರಿವೆ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಆದಕಾರಣ ಸಿಲಿಂಡರಿಗೆ ಡೆಕ್ಕಿನ ಮೇಲೆ ಪ್ರತ್ಯೇಕ ಪೆಟ್ಟಿಗೆ ಮಾಡಿ, ಅದರ ತಳದಿಂದ ಹೊರಕ್ಕೆ, ನೀರಿನ ಮಟ್ಟಕ್ಕಿಂತ ಮೇಲೆ, ಕೊಳವೆ ಇಳಿಸಿದ್ದೇನೆ. ಹಾಸಿಗೆಯ ಕೆಳಗೆ ತೆಂಗಿನ ನಾರಿನ ದಪ್ಪ ಚಾಪೆ ಹಾಸಿದ ಮೇಲೆ ಬೂಸು ಬರುವುದು ನಿಂತಿದೆ. ವಿದ್ಯುತ್ತಿಗೆ 150 ವಾಟಿನ ಎರಡು ಸೌರಫಲಕ, 200 ಆಂಪಿಯರ್ ಅವರಿನ ಲಿಥಿಯಂ ಬ್ಯಾಟರಿ. ಫ್ರಿಜ್ ಇರುವುದಿಲ್ಲ.

ದಾರಿಯನ್ನು ಮಾತ್ರ ಇನ್ನೂ ಗೆರೆ ಎಳೆದು ಗುರುತಿಸಿಲ್ಲ. ನವೆಂಬರಿನಿಂದ ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿಯೂ, ಮಧ್ಯಾಹ್ನದ ನಂತರ ವಾಯವ್ಯದಿಂದ ಏಳುವ ಕಡಲ ಗಾಳಿಯೂ ದಿನವೂ ಸರದಿಯಂತೆ ಬರುತ್ತವೆ. ಪತ್ತೇಮಾರಿ ಎಂಬ ಎಂಜಿನ್ ಇಲ್ಲದ ಹಾಯಿಹಡಗುಗಳು ಈ ಎರಡು ಗಾಳಿಗಳನ್ನೇ ಹಿಡಿದು ಕರಾವಳಿಯ ಉದ್ದಕ್ಕೂ ಸರಕು ಸಾಗಿಸುತ್ತಿದ್ದವು. ಮೊದಲು ಅಳಿಕ್ಕಲ್, ಬೇಪೂರು ದಾಟಿ ಕೊಚ್ಚಿಯ ಬೋಳ್ಗಾಟ್ಟಿಯ ಮರೀನಾಕ್ಕೆ, ಆಮೇಲೆ ಜಾವದ ಗಾಳಿ ಹಿಡಿದು ಉತ್ತರಕ್ಕೆ ಮಂಗಳೂರು, ಮಲ್ಪೆ, ಕಾರವಾರ. ಪರವಾನಗಿ ದೊರೆತರೆ ಮುಂದಿನ ವರ್ಷ ಲಕ್ಷದ್ವೀಪದ ಅಮಿನಿಗೂ ಕಡಮತ್ತಿಗೂ ಹೋಗುವ ಆಸೆಯಿದೆ. 1956ರವರೆಗೆ ಆ ದ್ವೀಪಗಳೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ದ್ವೀಪದ ಹುರಿ ಮಂಗಳೂರಿಗೂ ಮಂಗಳೂರಿನ ಅಕ್ಕಿ ದ್ವೀಪಕ್ಕೂ ಹಾಯಿಯಲ್ಲೇ ಹೋಗಿಬರುತ್ತಿತ್ತು.

ಮೂರು ಗಂಟೆಗೆ ಮಳೆ ಮತ್ತೆ ಹಿಡಿಯಿತು. ಹಿಂದೆ ಉರು ಎಂಬ ಮರದ ಹಡಗು ಕಟ್ಟುವಲ್ಲಿ ದುಡಿದಿದ್ದ ಹಿರಿಯ ಬಡಗಿಯೊಬ್ಬರು ಚಪ್ಪರದ ಕೆಳಗೆ ಬಂದು ಕುಳಿತು, ಮುರಿದ ನಲ್ಲಿಯನ್ನು ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಉಳಿಯನ್ನು ತೆಗೆದುಕೊಂಡರು. ಕತ್ತಲಾಗುವುದರೊಳಗೆ ಮೆತುಮರದಲ್ಲಿ ನಾಲ್ಕು ಬೆಣೆಗಳನ್ನು ಕೆತ್ತಿಕೊಟ್ಟರು. ಗಟ್ಟಿಮರ ಬೇಡ, ನೀರು ಕುಡಿದು ಉಬ್ಬುವ ಮರವೇ ತೂತನ್ನು ಬಿಗಿಹಿಡಿಯುವುದೆಂದು ಎರಡು ಸಲ ಹೇಳಿದರು. ಪತ್ನಿ ಒಂದೊಂದು ಬೆಣೆಯ ತಲೆಗೂ ತೂತು ಕೊರೆದು, ಹುರಿ ಪೋಣಿಸಿ, ಹೊಸ ಸೀಕಾಕ್‌ಗಳು ಬರಲಿರುವ ನಾಲ್ಕು ಜಾಗಗಳಲ್ಲೂ ಒಂದೊಂದನ್ನು ಕಟ್ಟಿದಳು. ಬಳಿಕ ಟಾರ್ಚ್ ಆರಿಸಿ, ಒಬ್ಬರಾದ ಮೇಲೆ ಒಬ್ಬರು ಕತ್ತಲಲ್ಲಿ ಕೈಯಾಡಿಸಿ ನಾಲ್ಕನ್ನೂ ಹುಡುಕಿದೆವು. ಎಂಜಿನ್ನಿನ ಹಿಂದಿನದು ನನ್ನ ಕೈಗೆ ತಡವಾಗಿ ಸಿಕ್ಕಿತು. ಅದನ್ನು ನಾಳೆ ಒಂದು ಗೇಣು ಮುಂದಕ್ಕೆ ಕಟ್ಟಬೇಕು.