ಗಂಜಿಯಿಂದ ಸಸಿ ಕವರ್: ಒಂದು ತಿಂಗಳಲ್ಲಿ ನಾಲ್ಕು ಪ್ರಯತ್ನ

ಟೊಮೆಟೊ ಸಸಿ ಬೆಳೆಸುವ ಕಪ್ಪು ಪಾಲಿಥಿನ್ ಕವರ್ ಬದಲು, ಮಣ್ಣಲ್ಲೇ ಕರಗುವ ಕವರ್ ಮನೆಯಲ್ಲೇ ಮಾಡಬೇಕು ಅಂತ ಶುರು ಮಾಡಿ ಒಂದು ತಿಂಗಳಾಯಿತು.

ಮೊದಲ ಸಲ 10 ಗ್ರಾಂ ಕಾರ್ನ್‌ಫ್ಲೋರ್, 60 ಮಿಲಿ ನೀರು, ಒಂದು ಚಮಚ ವಿನೆಗರ್. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿದ್ದರೆ ಹಾಲಿನಂತಿದ್ದ ನೀರು ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ, ಬಿಳುಪು ಹೋಗಿ ತಿಳಿಯಾಯಿತು. ಅಮ್ಮ ಇಣುಕಿ ನೋಡಿ, "ಸಂಡಿಗೆ ಹಿಟ್ಟು ಅಲ್ವೇನೋ ಇದು?" ಅಂದರು. ಅವರ ಮಾತು ಸರಿ. ಎರಡರಲ್ಲೂ ಆಗುವುದು ಒಂದೇ. ಪಿಷ್ಟದ ಕಣ ನೀರು ಕುಡಿದು ಊದಿ ಒಡೆಯುತ್ತದೆ. ಒಳಗಿರುವ ಗ್ಲೂಕೋಸ್ ಸರಪಳಿಗಳು ಬಿಚ್ಚಿಕೊಳ್ಳುತ್ತವೆ. ಒಣಗುವಾಗ ಒಂದಕ್ಕೊಂದು ಅಂಟಿ ಹಾಳೆಯಾಗುತ್ತವೆ. ಪಾಲಿಮರ್ ಅಂದರೆ ಇಂಥ ಉದ್ದ ಸರಪಳಿಯೇ. ಅನ್ನ, ಹತ್ತಿ, ರೇಷ್ಮೆ, ಪಾಲಿಥಿನ್ ಎಲ್ಲವೂ ಅದೇ ಜಾತಿ.

ಆದರೆ ಹಾಳೆ ಹಪ್ಪಳದ ಹಾಗೆ ಪಟಪಟ ಮುರಿಯಿತು.

ಎರಡನೇ ಸಲ ಮೆಡಿಕಲ್ ಸ್ಟೋರಿನಿಂದ ಗ್ಲಿಸರಿನ್ ತಂದು ಒಂದು ಚಮಚ ಹಾಕಿದೆ. ಅದು ಸರಪಳಿಗಳ ನಡುವೆ ಸೇರಿಕೊಂಡು ಅವು ಜಾರಾಡುವಂತೆ ಮಾಡುತ್ತದೆ. ಹಾಳೆ ಚೆನ್ನಾಗಿ ಬಾಗಿತು. ಖುಷಿಯಾಗಿ ನೀರಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಲೋಳೆ!

ಇಲ್ಲೇ ವಿಷಯ ಇರುವುದು. ಪಾಲಿಥಿನ್ ಸರಪಳಿಯಲ್ಲಿ ಬರೀ ಇಂಗಾಲ, ಹೈಡ್ರೋಜನ್. ನೀರಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಸೂಕ್ಷ್ಮಜೀವಿಗೂ ಕಡಿಯುವುದಕ್ಕೆ ಸುಲಭದ ಜಾಗ ಸಿಗುವುದಿಲ್ಲ. ಗ್ಲೂಕೋಸಿನಲ್ಲಿ ಮಾತ್ರ ನೀರು ಹಿಡಿಯುವ ಕೊಂಡಿಗಳು ತುಂಬಿವೆ. ಇಂಗ್ಲೆಂಡಿನ ಲ್ಯಾಬ್ ಒಂದರಲ್ಲಿ ಪಾಲಿಥಿನ್ ಆಕಸ್ಮಿಕವಾಗಿ ಸಿಕ್ಕಿದ್ದು 1933ರಲ್ಲಿ. ನಮ್ಮ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಇದನ್ನು ಯೋಚಿಸುತ್ತಿದ್ದಾಗಲೇ ಕಬ್ಬಿನ ಸಿಪ್ಪೆ ನೆನಪಾಯಿತು.

ಸಿಪ್ಪೆಯ ನಾರಿನಲ್ಲಿ ಜಾಸ್ತಿ ಇರುವುದು ಸೆಲ್ಯುಲೋಸ್. ಅದೂ ಗ್ಲೂಕೋಸಿನದೇ ಸರಪಳಿ. ವ್ಯತ್ಯಾಸ ಜೋಡಣೆಯಲ್ಲಿದೆ. ಪಿಷ್ಟದಲ್ಲಿ ಎಲ್ಲಾ ಗ್ಲೂಕೋಸೂ ಒಂದೇ ಕಡೆ ಮುಖ ಮಾಡಿರುತ್ತವೆ, ಸರಪಳಿ ಸುರುಳಿ ಸುತ್ತುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ತಿರುಗಿ ಕೂತಿರುತ್ತದೆ. ಹಾಗಾಗಿ ಸರಪಳಿ ನೆಟ್ಟಗೆ ನಿಂತು, ಪಕ್ಕದ್ದರ ಜೊತೆ ಒತ್ತೊತ್ತಾಗಿ ಹೆಣೆದುಕೊಂಡು ನೀರಿಗೆ ಜಗ್ಗುವುದಿಲ್ಲ. ಇಷ್ಟೇ ಇಷ್ಟು ತಿರುವಿಗೆ ಒಂದು ಅನ್ನವಾಯಿತು, ಇನ್ನೊಂದು ಹಗ್ಗವಾಯಿತು. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಮೂರನೇ ಸಲ ಆಲೆಮನೆಯಿಂದ ಒಂದು ಚೀಲ ಸಿಪ್ಪೆ ತಂದೆ. ವಾಷಿಂಗ್ ಸೋಡಾ ಹಾಕಿ ಎರಡು ಗಂಟೆ ಕುದಿಸಿದೆ. ನೀರು ಕಾಫಿ ಬಣ್ಣಕ್ಕೆ ತಿರುಗಿತು. ಐದಾರು ಸಲ ತೊಳೆದು, ಮಿಕ್ಸಿಯಲ್ಲಿ ರುಬ್ಬಿ, ಆ ನಾರನ್ನು ಗಂಜಿಗೆ ಕಲಸಿದೆ. ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ ಬಾಟಲಿ ನೇತುಹಾಕಿದೆ. ನಾರಿಲ್ಲದ ಪಟ್ಟಿ 400 ಮಿಲಿ ನೀರಿಗೇ ಹರಿಯಿತು. ನಾರಿನದು 900 ಮಿಲಿವರೆಗೂ ತಡೆಯಿತು. ಆದರೆ ಮೋಡ ಕವಿದ ದಿನಗಳಲ್ಲಿ ನೆರಳಲ್ಲಿ ಒಣಹಾಕಿದ್ದಕ್ಕೆ ಅಂಚಿನಲ್ಲಿ ಬೂಷ್ಟು ಬಂತು.

ನಾಲ್ಕನೇದನ್ನು ತೆಳ್ಳಗೆ ಹರಡಿ ಬಿಸಿಲಲ್ಲೇ ಒಣಗಿಸಿ, ಲೋಟಕ್ಕೆ ಸುತ್ತಿ ಅಂಚನ್ನು ಅದೇ ಗಂಜಿಯಿಂದ ಅಂಟಿಸಿದೆ. ಈಗ ಅದರಲ್ಲಿ ಟೊಮೆಟೊ ಸಸಿ ಇದೆ. ದಿನಕ್ಕೆ ಒಂದು ಸಲ ನೀರು. ಇವತ್ತಿಗೆ ಒಂಬತ್ತು ದಿನ. ತಳ ಮೆತ್ತಗಾಗಿದೆ, ಇನ್ನೂ ಬಿಟ್ಟಿಲ್ಲ. ಒಂದು ಬಿಳಿ ಬೇರು ಗೋಡೆ ತೂರಿಕೊಂಡು ಹೊರಗೆ ಇಣುಕಿದೆ. ಭಾನುವಾರ ಕವರ್ ಸಮೇತ ನೆಲಕ್ಕೆ ಇಳಿಸುತ್ತೇನೆ.