ಕಯೋಟಿ ಬಿದ್ದು ಹೊಗೆ ಏಳಲು ಎಷ್ಟು ಫ್ರೇಮ್?

17 ಸೆಪ್ಟೆಂಬರ್ 2024, ಮಂಗಳವಾರ

ರೋಡ್ ರನ್ನರ್ ಹಕ್ಕಿ ಮತ್ತು ಅದರ ಬೆನ್ನುಬಿದ್ದ ಕಯೋಟಿಯ (ಅಮೆರಿಕದ ನರಿಯಂಥ ಪ್ರಾಣಿ) ಮೊದಲ ಕಾರ್ಟೂನ್ ಚಿತ್ರ 'ಫಾಸ್ಟ್ ಆಂಡ್ ಫ್ಯೂರಿ-ಅಸ್' ತೆರೆಗೆ ಬಂದದ್ದು 1949ರ ಸೆಪ್ಟೆಂಬರಿನಲ್ಲಿ. 2024ರ ಸೆಪ್ಟೆಂಬರಿಗೆ 75 ವರ್ಷ ತುಂಬಿತು. ಆ ನೆಪದಲ್ಲಿ ಚಿತ್ರವನ್ನು ಇನ್ನೊಮ್ಮೆ ಫ್ರೇಮ್ ಫ್ರೇಮಾಗಿ ನೋಡಿ ಮುಗಿಸಿದೆ. ಇದರ ಬಗ್ಗೆ ನೋಡುಗರ ಬಾಯಲ್ಲಿ ಬರುವ ಮಾತುಗಳು ಹೆಚ್ಚೂಕಡಿಮೆ ಇಷ್ಟೇ: ಎಂಥಾ ಸ್ಪೀಡು ಮಾರಾಯ್ರೆ, ಪ್ರತಿ ಸಲ ಅದೇ ಕಥೆ, ಪಾಪ, ಆ ನರಿಗೆ ಒಂದು ಸಲವಾದರೂ ಹಕ್ಕಿ ಸಿಗಬೇಕಿತ್ತು, ಹಕ್ಕಿ ಮಾಡೋದೆಲ್ಲಾ ಮೋಸ, ಅಷ್ಟೆಲ್ಲ ಸಾಮಾನು ತರಿಸೋ ದುಡ್ಡಲ್ಲಿ ಊಟ ತರಿಸಬಹುದಿತ್ತಲ್ಲ.

ನನಗೆ ಒಪ್ಪಿಗೆಯಾಗದಿರುವುದು ಮುಖ್ಯವಾಗಿ ಮೊದಲನೆಯ ಮಾತು. ಈ ಚಿತ್ರದಲ್ಲಿ ನಗು ಹುಟ್ಟುವ ಜಾಗಗಳನ್ನು ಗುರುತು ಹಾಕುತ್ತಾ ಹೋದರೆ ಅಲ್ಲೆಲ್ಲ ಯಾರಾದರೂ ನಿಂತಿರುತ್ತಾರೆ.

ಓಟವೇನೂ ಕಳಪೆಯಲ್ಲ. ಹಕ್ಕಿ ವೇಗ ಹಿಡಿದಾಗ ಅದರ ಕಾಲುಗಳ ಚಿತ್ರವೇ ಇರುವುದಿಲ್ಲ, ಒಣ ಬ್ರಷ್‌ನಿಂದ ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಎಳೆದ ಬಣ್ಣದ ಗೀರುಗಳಷ್ಟೇ ಇರುತ್ತವೆ. ಫಿಲ್ಮಿನಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ, ಸಾಮಾನ್ಯವಾಗಿ ಕಾರ್ಟೂನಿನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿಯುತ್ತಾರೆ. ಹಾಗಾದರೆ ಸೆಕೆಂಡಿಗೆ 12 ಚಿತ್ರ ಸಾಕು. ಆದರೆ ಕ್ಯಾಮೆರಾ ಪಕ್ಕಕ್ಕೆ ಸರಿಯುವ ಓಟದ ಶಾಟ್‌ನಲ್ಲಿ ಆ ಉಳಿತಾಯ ನಡೆಯುವುದಿಲ್ಲ. ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತದೆ, ಪಾತ್ರ ಮಾತ್ರ ಒಂದು ಬಿಟ್ಟು ಒಂದು ಫ್ರೇಮಿನಲ್ಲಿ ಸರಿಯುತ್ತದೆ, ಪಾತ್ರದ ಅಂಚು ಗಡಗಡ ನಡುಗಿದಂತೆ ಕಾಣುತ್ತದೆ. ಅದಕ್ಕೆ ಅಲ್ಲಿ ಫ್ರೇಮಿಗೊಂದು ಚಿತ್ರ, ಸೆಕೆಂಡಿಗೆ 24. ಕೆನ್ ಹ್ಯಾರಿಸ್, ಫಿಲ್ ಮನ್ರೋ, ಲಾಯ್ಡ್ ವಾನ್, ಬೆನ್ ವಾಶಮ್ ಈ ಕೆಲಸದಲ್ಲಿ ಪಳಗಿದ ಕೈಗಳು. ಇಷ್ಟಾದರೂ ಯಾರೂ ಆ ಗೀರುಗಳನ್ನು ನೋಡಿ ನಗುವುದಿಲ್ಲ. ಹಕ್ಕಿ ಹೊಗೆಯಾಗಿ ಮಾಯವಾಯಿತು, ಕಯೋಟಿ ನಿಂತ, ಅವನ ದವಡೆ ನೆಲಕ್ಕೆ ಬಿತ್ತು. ನಗು ಬರುವುದು ಅಲ್ಲಿ.

ನಿರ್ದೇಶಕ ಚಕ್ ಜೋನ್ಸ್ ಇದನ್ನು ಲೆಕ್ಕ ಹಾಕಿಯೇ ಮಾಡುತ್ತಿದ್ದರು. ಕಯೋಟಿ ಪ್ರಪಾತಕ್ಕೆ ಬೀಳುವ ಶಾಟ್ ಬಗ್ಗೆ ಅವರೇ ಹೇಳಿಕೊಂಡ ಲೆಕ್ಕವಿದೆ: ಮೇಲಿನಿಂದ ನೋಡುವಾಗ ಅವನು ಚಿಕ್ಕದಾಗುತ್ತಾ ಕಾಣೆಯಾಗಲು 18 ಫ್ರೇಮ್, ಆಮೇಲೆ ನೆಲಕ್ಕೆ ಬಡಿಯಲು 14 ಫ್ರೇಮ್. 13 ಇಟ್ಟರೂ ನಗು ಇಲ್ಲ, 15 ಇಟ್ಟರೂ ಇಲ್ಲ. 14 ಫ್ರೇಮ್ ಎಂದರೆ 0.58 ಸೆಕೆಂಡ್. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್, ಹಾಗಾಗಿ ಇಡೀ ಕಾಯುವಿಕೆ ಹತ್ತೂವರೆ ಅಂಗುಲ ಫಿಲ್ಮ್. ಆ ಹತ್ತೂವರೆ ಅಂಗುಲದಲ್ಲಿ ತೆರೆಯ ಮೇಲೆ ಏನೂ ನಡೆಯುವುದಿಲ್ಲ. ಕಯೋಟಿ ಕಣ್ಣಿಗೆ ಕಾಣದಿದ್ದರೂ ನೋಡುವವರ ಮನಸ್ಸು ಅವನ ಜೊತೆ ಬೀಳುತ್ತಲೇ ಇರುತ್ತದೆ, ಅಷ್ಟರಲ್ಲಿ ಪುಟ್ಟ ಧೂಳಿನ ಉಂಡೆ ಏಳುತ್ತದೆ. ಈ ಬೀಳುವಿಕೆ ಸರಣಿಯ ಗುರುತಾದದ್ದು ಮೊದಲ ಚಿತ್ರದಲ್ಲಲ್ಲ, 1952ರ ನಂತರದವುಗಳಲ್ಲಿ. ಎಣಿಸುವವರು ಅವನ್ನೇ ತೆಗೆದುಕೊಳ್ಳಿ.

ಒಂದು ಫ್ರೇಮಿನಿಂದ ಏನಾದೀತು ಎನ್ನುವವರು ಯಾವುದಾದರೂ ಎಡಿಟಿಂಗ್ ಆ್ಯಪ್‌ನಲ್ಲಿ ಶಾಟ್ ಹಾಕಿ, ಧೂಳು ಏಳುವ ಜಾಗವನ್ನು ಸದ್ದಿನ ಸಮೇತ ನಾಲ್ಕು ಫ್ರೇಮ್ ಹಿಂದಕ್ಕೆ ಎಳೆದು ನೋಡಿ. ಸುಮ್ಮನೆ ಬಿದ್ದ ಹಾಗಿರುತ್ತದೆ. ನಾಲ್ಕು ಮುಂದಕ್ಕೆ ತಳ್ಳಿ, ಸದ್ದು ತಡವಾಗಿ ಬಂತೇನೋ ಎನಿಸುತ್ತದೆ. ಈ ಟೈಮಿಂಗನ್ನು ಚಿತ್ರ ಬರೆಯುವ ಮೊದಲೇ ಹಾಳೆಯ ಮೇಲೆ ಗೊತ್ತುಮಾಡಬೇಕಿತ್ತು. ಒಂದೊಂದು ಚಿತ್ರಕ್ಕೂ ಖರ್ಚು ಬೀಳುವ ಕಡೆ ಹೆಚ್ಚಿಗೆ ಬರೆದು ಆಮೇಲೆ ಕತ್ತರಿಸುವ ಮಾತೇ ಇಲ್ಲ.

ಮನೆಯಲ್ಲಿ ಎಣಿಸುವುದು ಸುಲಭ, ಲೆಕ್ಕ ತಪ್ಪುವುದೂ ಅಷ್ಟೇ ಸುಲಭ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ 'ಇ' (E) ಕೀ ಒತ್ತಿದಂತೆಲ್ಲ ಒಂದೊಂದು ಫ್ರೇಮ್ ಮುಂದೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ವಿಡಿಯೋ ನಿಲ್ಲಿಸಿ ಪೂರ್ಣವಿರಾಮದ ಕೀ ಒತ್ತಿದರೆ ಮುಂದೆ, ಅಲ್ಪವಿರಾಮದ ಕೀ ಒತ್ತಿದರೆ ಹಿಂದೆ. ತೊಂದರೆ ಏನೆಂದರೆ ಎಷ್ಟೋ ಪ್ರತಿಗಳು ಸೆಕೆಂಡಿಗೆ 24 ಇರುವುದಿಲ್ಲ, 30 ಇರುತ್ತವೆ. ನಾಲ್ಕು ಫ್ರೇಮಿಗೆ ಒಂದನ್ನು ನಕಲು ಮಾಡಿ ತುಂಬಿರುತ್ತಾರೆ, ಆಗ 14 ಇದ್ದದ್ದು 17 ಅಥವಾ 18 ಬರುತ್ತದೆ. ನಕಲನ್ನು ಬಿಟ್ಟು ಎಣಿಸೋಣ ಎಂದರೆ ಕಯೋಟಿ ಮಾಯವಾದ ಮೇಲೆ ತೆರೆ ಹೇಗೂ ನಿಶ್ಚಲ, ಅಸಲು ಯಾವುದು ನಕಲು ಯಾವುದು ತಿಳಿಯುವುದಿಲ್ಲ. ಅದೇ ಪ್ರತಿಯಲ್ಲಿ ಹಿನ್ನೆಲೆ ಸರಿಯುವ ಓಟದ ಶಾಟ್ ಹುಡುಕಿ. ಅಲ್ಲಿ ಐದಕ್ಕೊಂದು ಫ್ರೇಮ್ ಅಲ್ಲಾಡದೆ ನಿಂತರೆ ಪ್ರತಿ 30ರದ್ದು, ಬಂದ ಎಣಿಕೆಯನ್ನು 4ರಿಂದ ಗುಣಿಸಿ 5ರಿಂದ ಭಾಗಿಸಿ. 25 ಫ್ರೇಮಿನ ಟಿವಿ ಪ್ರತಿಯಾದರೆ ಸಾಮಾನ್ಯವಾಗಿ ನಕಲು ಇರುವುದಿಲ್ಲ, ಎಣಿಕೆ 14 ಆಗಿಯೇ ಉಳಿಯುತ್ತದೆ. ಚಿತ್ರ ಶೇ 4ರಷ್ಟು ಬೇಗ ಓಡುತ್ತದೆ, ಸಂಗೀತದ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರುತ್ತದೆ, ಅಷ್ಟೇ.

ಹೊಸ ಟಿವಿಗಳಲ್ಲಿ ಇನ್ನೂ ಎರಡು ಕಾಟ. ಚಲನೆ ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಅದು ಎರಡು ಚಿತ್ರಗಳ ಮಧ್ಯೆ ತಾನೇ ಒಂದು ಚಿತ್ರ ಹುಟ್ಟಿಸುತ್ತದೆ, ದವಡೆ ಬೀಳುವಾಗ ಸುತ್ತ ದೆವ್ವದ ನೆರಳು ಕಾಣುತ್ತದೆ. ಮೊದಲು ಅದನ್ನು ಆಫ್ ಮಾಡಿ. ಇನ್ನೊಂದು ಜೂಮ್. ಹಳೆಯ ಚೌಕ ಚಿತ್ರವನ್ನು ಅಗಲ ಪರದೆಗೆ ತುಂಬಿಸಿದರೆ ಮೇಲೆ ಕೆಳಗೆ ಸೇರಿ ಎತ್ತರದ ಕಾಲು ಭಾಗ ಹೋಗುತ್ತದೆ. ಈ ಸರಣಿಯ ಹಾಸ್ಯವೆಲ್ಲ ಎತ್ತರದಲ್ಲಿದೆ. ರಾಕೆಟ್ ಕಟ್ಟಿಕೊಂಡ ಕಯೋಟಿ ಮುಂದಕ್ಕೆ ಹಾರುವ ಬದಲು ನೆಟ್ಟಗೆ ಮೇಲಕ್ಕೆ ಹೋಗಿ ತಲೆಯ ಮೇಲಿನ ಬಂಡೆಗೆ ಬಡಿಯುತ್ತಾನೆ, ಮೇಲುಭಾಗ ಕತ್ತರಿಸಿಟ್ಟುಕೊಂಡು ಅದನ್ನು ನೋಡಿ ಪ್ರಯೋಜನವಿಲ್ಲ. ಪಕ್ಕದಲ್ಲಿ ಕಪ್ಪು ಪಟ್ಟಿ ಇರಲಿ ಬಿಡಿ.

"ಬರೀ ಹೊಡೆದಾಟ" ಎಂಬ ದೂರಿಗೂ ಇದೇ ಲೆಕ್ಕದಲ್ಲಿ ಅರ್ಧ ಉತ್ತರವಿದೆ. ಅಮೆರಿಕದ ಟಿವಿ ಜಾಲಗಳು ಮಕ್ಕಳ ಕಾರ್ಯಕ್ರಮದಲ್ಲಿ ಹಾಕುವಾಗ ಬಡಿತದ, ಸ್ಫೋಟದ ಕ್ಷಣಗಳನ್ನು ಕತ್ತರಿಸುತ್ತಿದ್ದವು. ಕಯೋಟಿ ಬತ್ತಿಗೆ ಬೆಂಕಿ ಹಚ್ಚುತ್ತಾನೆ, ತಕ್ಷಣ ಮುಂದಿನ ಉಪಾಯ ಶುರು. ಹಿಂಸೆ ಹೋಯಿತೋ ಇಲ್ಲವೋ, ಕಾಯಿಸಿದ್ದಕ್ಕೆ ಫಲ ಮಾತ್ರ ಹೋಯಿತು. ಅಂಥ ಪ್ರತಿ ನೋಡಿದವರಿಗೆ ಚಿತ್ರ ಸಪ್ಪೆ ಎನಿಸಿದರೆ ತಪ್ಪು ಅವರದಲ್ಲ.

ಇನ್ನು ಹಕ್ಕಿಯ ಮೋಸದ ವಿಚಾರ. ಜೋನ್ಸ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಸರಣಿಯ ನಿಯಮಗಳ ಪಟ್ಟಿ ಕೊಟ್ಟರು. ಬೀಪ್ ಬೀಪ್ ಎಂದು ಕೂಗುವುದನ್ನು ಬಿಟ್ಟು ಬೇರೆ ರೀತಿಯಲ್ಲಿ ಹಕ್ಕಿ ಕಯೋಟಿಗೆ ಕೇಡು ಮಾಡಬಾರದು ಎಂಬುದು ಅದರಲ್ಲಿ ಮೊದಲನೆಯದು. ಆದರೆ ಈ ಮೊದಲ ಚಿತ್ರದಲ್ಲೇ ಹಕ್ಕಿ ಬೂಮರಾಂಗ್ ಎಸೆಯುತ್ತದೆ. ಕಥೆ ಬರೆದ ಮೈಕೆಲ್ ಮಾಲ್ಟೀಸ್ ಅಂಥ ನಿಯಮಗಳನ್ನು ತಾನು ಕೇಳಿಯೇ ಇರಲಿಲ್ಲ ಎಂದು ಆಮೇಲೆ ಹೇಳಿದ್ದಾರೆ. ಆದ್ದರಿಂದ ನಿಯಮದ ಪಟ್ಟಿ ಹಿಡಿದುಕೊಂಡು ಚಿತ್ರಕ್ಕೆ ಅಂಕ ಹಾಕುವವರು ಸ್ವಲ್ಪ ಸಾವಕಾಶ ಮಾಡುವುದು ಒಳ್ಳೆಯದು. ನನಗೆ ಮೋಸ ಅನ್ನಿಸುವುದು ಒಂದೇ ಕಡೆ, ಅದೂ ತುಂಬಾ ಇಷ್ಟದ ಮೋಸ: ಕಯೋಟಿ ಬಂಡೆಯ ಮೇಲೆ ಸುರಂಗದ ಚಿತ್ರ ಬರೆಯುತ್ತಾನೆ, ಹಕ್ಕಿ ಅದರೊಳಗೆ ಸಲೀಸಾಗಿ ಓಡಿಹೋಗುತ್ತದೆ. ಹಿಂದೆಯೇ ನುಗ್ಗಿದ ಕಯೋಟಿಗೆ ಸಿಕ್ಕಿದ್ದು ಬರೀ ಬಂಡೆ. ಸಾಲದ್ದಕ್ಕೆ ಹಕ್ಕಿ ಅದೇ ಸುರಂಗದಿಂದ ವಾಪಸ್ ಬಂದು ಅವನನ್ನು ತುಳಿದುಕೊಂಡು ಹೋಗುತ್ತದೆ.

ಪ್ರತಿ ಸಲ ಅದೇ ಎನ್ನುವ ಮಾತು ಅರ್ಧ ಸತ್ಯ. ಫಲಿತಾಂಶ ಒಂದೇ, ಸೋಲುವ ಕಾರಣ ಬೇರೆ ಬೇರೆ. ರಾಕೆಟ್ ದಿಕ್ಕು ತಪ್ಪಿತು. ಡೈನಮೈಟ್ ವಿಷಯದಲ್ಲಿ ಸಿಡಿದದ್ದು ಅದನ್ನು ಸಿಡಿಸಲು ಒತ್ತುವ ಪೆಟ್ಟಿಗೆಯೇ. ಸೂಪರ್‌ಮ್ಯಾನ್ ಮಾದರಿಯ ಅಂಗಿ ತೊಟ್ಟು ಹಾರಿದಾಗ ಕೈಕೊಟ್ಟದ್ದು ಅಂಗಿಯ ಮೇಲಿನ ನಂಬಿಕೆ. ನನ್ನ ಮೆಚ್ಚಿನದು ಹಿಮದ ಯಂತ್ರ: ಒಂದು ಫ್ರಿಜ್, ಒಂದು ಮೋಟಾರ್, ಮಾಂಸ ಅರೆಯುವ ಯಂತ್ರ. ಫ್ರಿಜ್‌ನ ಐಸ್ ಅರೆದು ಅವನ ಕಾಲ ಕೆಳಗೆ ಹಿಮವಾಗಿ ಸುರಿಯುತ್ತದೆ, ಅವನು ಅದರ ಮೇಲೆ ಸ್ಕೀ ಮಾಡುತ್ತಾನೆ. ಮರುಭೂಮಿಯಲ್ಲಿ ಕರೆಂಟ್ ಎಲ್ಲಿಂದ ಬಂತೆಂದು ಕೇಳಬಾರದು. ಯಂತ್ರದಲ್ಲಿ ಎಳ್ಳಷ್ಟೂ ದೋಷವಿಲ್ಲ, ಮುಂದೆ ಪ್ರಪಾತ ಇತ್ತು ಅಷ್ಟೇ. ಜೆಟ್ ಶೂಗಳೂ ಓಡುತ್ತವೆ. ಹಾಗೆ ನೋಡಿದರೆ ಎಲ್ಲ ಸಾಮಾನೂ ಆ್ಯಕ್ಮಿ ಎಂಬ ಕಾಲ್ಪನಿಕ ಕಂಪನಿಯದು ಎಂಬುದೂ ಆಮೇಲೆ ಬೆಳೆದ ನಂಬಿಕೆ. ಇಲ್ಲಿ ಹಾರುವ ಅಂಗಿ ಆ್ಯಕ್ಮಿಯದು, ಶೂ ಮಾತ್ರ ಫ್ಲೀಟ್-ಫುಟ್ ಎಂಬ ಹೆಸರಿನವು. ಕಯೋಟಿಗೆ ವೈಲ್ ಇ. ಎಂಬ ಹೆಸರೂ ಇಲ್ಲಿಲ್ಲ, ಅದು 1952ರಲ್ಲಿ ಅವನು ಬಗ್ಸ್ ಬನ್ನಿ ಎಂಬ ಮೊಲದ ಎದುರು ನಿಂತಾಗ ಬಂದದ್ದು.

ಊಟ ತರಿಸಬಹುದಿತ್ತಲ್ಲ ಎಂಬ ಪ್ರಶ್ನೆಗೆ ಜೋನ್ಸ್ ಪಟ್ಟಿಯಲ್ಲೇ ಉತ್ತರ ಸಿಗುತ್ತದೆ: ಹಟವಾದಿ ಅಲ್ಲದಿದ್ದರೆ ಕಯೋಟಿ ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು. ನಿಜವಾದ ಕಯೋಟಿಗೆ ಇಷ್ಟು ಕಷ್ಟವೂ ಇಲ್ಲ. ಅದು ಗಂಟೆಗೆ 60 ಕಿ.ಮೀ. ದಾಟಿ ಓಡಬಲ್ಲದು, ರೋಡ್ ರನ್ನರ್ ಓಟ 30ರ ಆಸುಪಾಸು. ಆ ಹಕ್ಕಿ ಕೋಗಿಲೆ ಕುಟುಂಬದ್ದು. ನಮ್ಮ ಬೇಲಿಸಾಲಿನಲ್ಲಿ ಉದ್ದ ಬಾಲ ಎಳೆದುಕೊಂಡು ನೆಲದ ಮೇಲೆ ನಡೆಯುವ ಕೆಂಬೂತವೂ ಅದೇ ಕುಟುಂಬ. ಕೆಂಬೂತದ ನಡಿಗೆ ಕಂಡವರಿಗೆ ಈ ಹಕ್ಕಿಯ ಕತ್ತು, ಬಾಲ ಅಪರಿಚಿತ ಅನ್ನಿಸುವುದಿಲ್ಲ.

ಮಾತಿಲ್ಲದ ಚಿತ್ರವಾದ್ದರಿಂದ ಡಬ್ಬಿಂಗ್ ಇಲ್ಲದೆಯೂ ನಮ್ಮ ಮಕ್ಕಳಿಗೆ ದಕ್ಕಿತು. ಹಕ್ಕಿಯ ಬೀಪ್ ಬೀಪ್ ಕೂಗಿದವರು ಪಾಲ್ ಜೂಲಿಯನ್, ಸ್ಟುಡಿಯೋದಲ್ಲಿ ಹಿನ್ನೆಲೆ ಬರೆಯುತ್ತಿದ್ದ ಕಲಾವಿದ. ಮಕ್ಕಳಿಗೆ ತಪ್ಪಿದ್ದು ಫಲಕಗಳ ಹಾಸ್ಯ ಮಾತ್ರ. ಕಯೋಟಿ ಶಾಲೆ ಹುಡುಗಿಯ ವೇಷ ಹಾಕಿ ರಸ್ತೆ ದಾಟುವ ಫಲಕದ ಪಕ್ಕ ನಿಂತಿರುತ್ತಾನೆ. ಹಕ್ಕಿ ಸುಯ್ಯೆಂದು ದಾಟಿಹೋಗಿ, ತಾನೂ ಹುಡುಗಿ ವೇಷದಲ್ಲಿ ಬಂದು, ರೋಡ್ ರನ್ನರ್‌ಗಳಿಗೆ ಓದಲು ಬರುವುದಿಲ್ಲ ಎಂಬ ಫಲಕ ಎತ್ತಿ ತೋರಿಸುತ್ತದೆ. ಇಂಗ್ಲಿಷ್ ಓದದ ಮಗುವಿಗೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕು, ಹೇಳುವಷ್ಟರಲ್ಲಿ ಮುಂದಿನ ಗ್ಯಾಗ್ ಅರ್ಧ ಮುಗಿದಿರುತ್ತದೆ.

"ಆಮೇಲಿನವು ಚೆನ್ನಾಗಿಲ್ಲ" ಎನ್ನುವವರ ಜೊತೆ ನನ್ನ ಜಗಳವಿಲ್ಲ. 1965-66ರಲ್ಲಿ ರೂಡಿ ಲಾರಿವಾ ನಿರ್ದೇಶಿಸಿದ 11 ಚಿತ್ರಗಳಲ್ಲಿ ಹಕ್ಕಿ ಅದೇ, ಕಯೋಟಿ ಅದೇ, ಸಾಮಾನೂ ಅಂಥವೇ. ಹಣ ಕಡಿಮೆ, ಬರೆದ ಚಿತ್ರಗಳು ಕಡಿಮೆ, ಮೊದಲನೆಯದನ್ನು ಬಿಟ್ಟು ಉಳಿದ ಹತ್ತರಲ್ಲಿ ಬಿಲ್ ಲಾವಾ ಅವರ ಅವೇ ಸಂಗೀತದ ತುಣುಕುಗಳನ್ನು ಚಿತ್ರದಿಂದ ಚಿತ್ರಕ್ಕೆ ಮತ್ತೆ ಮತ್ತೆ ಅಂಟಿಸಿದ್ದಾರೆ. ಸಂಗೀತ ಶಾಟ್‌ಗೆಂದೇ ಬರೆದದ್ದಲ್ಲವಾದ್ದರಿಂದ ಕಯೋಟಿ ಅಂಚಿನಲ್ಲಿ ನಿಂತಾಗ ಅದು ನಿಲ್ಲುವುದಿಲ್ಲ, ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಹೋಲಿಸಬೇಕೆಂದರೆ 1952ರ 'ಬೀಪ್, ಬೀಪ್' ಒಂದನ್ನೂ ಈ ಹತ್ತರಲ್ಲಿ ಯಾವುದಾದರೂ ಒಂದನ್ನೂ ಮೊದಲು ಸದ್ದು ಅಡಗಿಸಿ, ಆಮೇಲೆ ಕಣ್ಣು ಮುಚ್ಚಿಕೊಂಡು ಕೇಳಿ. ಹಳೆಯದರಲ್ಲಿ ಕಯೋಟಿ ಎಲ್ಲಿ ನಿಂತ ಎಂಬುದು ಕಿವಿಗೇ ಗೊತ್ತಾಗುತ್ತದೆ.