ಮನೆಯಾಳುಗಳು ಒಪೆರಾ ಹಾಡಿದ ಯಾರೊಮಿಯೆರ್ಜಿತ್ಸೆ

ವಿಯೆನ್ನಾದಿಂದ ರೆಟ್ಸ್ ಮಾರ್ಗವಾಗಿ ಹೋಗುವ ರೈಲು ಗಡಿ ದಾಟಿ ಜ್ನೊಯ್ಮೊ ಮುಟ್ಟುತ್ತದೆ. ಅಲ್ಲಿ ಒಕ್ರೀಶ್ಕಿ ಕಡೆಗಿನ ಗಾಡಿ ಹಿಡಿದರೆ ನಡುದಾರಿಯಲ್ಲಿ ಸಿಗುವುದು ಯಾರೊಮಿಯೆರ್ಜಿತ್ಸೆ, ಚೆಕ್ ದೇಶದ ಮೊರಾವಿಯಾದ ಪುಟ್ಟ ಊರು. ನಿಲ್ದಾಣ ಇರುವುದು ಊರಾಚೆ, ಅಲ್ಲಿಂದ ನಡೆಯಬೇಕು. ಲಗೇಜು ಇದ್ದವರಿಗೆ ತ್ರೆಬೀಚ್‌ನಿಂದ ಬಸ್ಸೇ ವಾಸಿ. ಸೋಮವಾರ ಅರಮನೆಗೆ ರಜೆ, ಚಳಿಗಾಲದಲ್ಲೂ ಬಾಗಿಲು ಹಾಕಿರುತ್ತದೆ.

ಊರಿಗೆ ಹೋಲಿಸಿದರೆ ಅರಮನೆ ವಿಪರೀತ ದೊಡ್ಡದು. ಕಟ್ಟಿಸಿದವನು ಕೌಂಟ್ ಯೋಹಾನ್ ಆಡಮ್ ಕ್ವೆಸ್ಟೆನ್‌ಬರ್ಗ್ (1678–1752). ಸಂಗೀತ ಕೇಳಿ ತಲೆದೂಗುವ ಬಗೆಯ ಜಹಗೀರುದಾರನಲ್ಲ, ಸ್ವತಃ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದವನು. ಅದೇ ಕಾಲದಲ್ಲಿ ಬೊಹೆಮಿಯಾದ ಕುಕ್ಸ್‌ನಲ್ಲಿ ಕೌಂಟ್ ಶ್ಪೋರ್ಕ್ ಇಟಲಿಯಿಂದ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ತಂಡವನ್ನೇ ಕರೆಸಿದ. ಕ್ವೆಸ್ಟೆನ್‌ಬರ್ಗ್ ಹಿಡಿದ ದಾರಿ ಬೇರೆ: ಹಾಡುವವರೂ ನುಡಿಸುವವರೂ ಬಹುಮಟ್ಟಿಗೆ ತನ್ನ ಮನೆಯಾಳುಗಳು, ಜಹಗೀರಿನ ಜನ. ಹಗಲು ಊಳಿಗ, ಸಂಜೆ ತಾಲೀಮು. ಖರ್ಚು ಕಡಿಮೆ ಎಂಬುದೂ ಇದರಲ್ಲಿತ್ತು. ಬರೀ ಔದಾರ್ಯ ಎಂದು ಹೊಗಳಬೇಕಿಲ್ಲ. ಬೇಡವೆನ್ನುವ ಸ್ವಾತಂತ್ರ್ಯ ಆ ಜನಕ್ಕೆ ಎಷ್ಟಿತ್ತು ಎಂಬುದನ್ನೂ ಮರೆಯಬಾರದು.

ಈ ಏರ್ಪಾಡಿನ ಬೆನ್ನೆಲುಬು ಫ್ರಾಂಟಿಶೆಕ್ ವಾತ್ಸ್ಲಾವ್ ಮೀಚಾ. 1694ರಲ್ಲಿ ತ್ರೆಬೀಚ್‌ನಲ್ಲಿ ಹುಟ್ಟಿದ ಆತ ಕೌಂಟನ ಖಾಸಾ ಸೇವಕ, ವಾದ್ಯವೃಂದದ ಮುಖ್ಯಸ್ಥ, ಟೆನರ್ (ಗಂಡಸಿನ ಏರುದನಿಯ) ಗಾಯಕ, ಸಂಗೀತಕಾರ, ಎಲ್ಲವೂ ಹೌದು. ವಿಯೆನ್ನಾದಲ್ಲಿ ಕಲಿತು ಬಂದವನು. ಹೊಸ ಕೃತಿ ಬೇಕಾದಾಗ ವಿಯೆನ್ನಾದ ಸಂಪರ್ಕಗಳು ನೆರವಾಗುತ್ತಿದ್ದವು. ಅಲ್ಲಿನ ಆಸ್ಥಾನದ ಸಂಗೀತಕಾರ ಕಾಲ್ಡಾರಾನ ಕೃತಿಗಳೂ ಇಲ್ಲಿ ರಂಗವೇರಿದವು. ಸ್ವರಪುಸ್ತಕ ಕೈಗೆ ಬಂದರಷ್ಟೇ ಸಾಲದು. ಪ್ರತಿ ವಾದ್ಯಕ್ಕೂ ಪ್ರತಿ ದನಿಗೂ ಬೇರೆ ಬೇರೆ ಹಾಳೆಗಳಲ್ಲಿ ಕೈಬರಹದ ಪ್ರತಿ ತೆಗೆಯಬೇಕು. ಒಂದು ಹಾಳೆಯಲ್ಲಿ, ನುಡಿಸದೆ ಸುಮ್ಮನಿರಬೇಕೆಂದು ಹೇಳುವ ಒಂದು ವಿರಾಮಚಿಹ್ನೆ ಬಿಟ್ಟುಹೋದರೂ ಆ ವಾದಕ ಉಳಿದವರಿಗಿಂತ ಮುಂದೆ ಓಡುತ್ತಾನೆ, ಅದು ಗೊತ್ತಾಗುವುದು ಎಲ್ಲರೂ ಕೂಡಿ ನುಡಿಸಿದಾಗಲೇ.

1730ರಲ್ಲಿ ಇಲ್ಲಿ ಆಡಿದ್ದು ಮೀಚಾನದೇ ಒಪೆರಾ, ಇದೇ ಊರು ಹುಟ್ಟಿದ ಕಥೆ. ಸಾಹಿತ್ಯ ಮೂಲತಃ ಇಟಾಲಿಯನ್. ದುಬ್ರಾವಿಯುಸ್ ಎಂಬಾತ ಅದನ್ನು ಚೆಕ್‌ಗೆ ತಂದ. ಚೆಕ್ ಭಾಷೆಯಲ್ಲಿ ಹಾಡಿದ ಮೊದಲ ಒಪೆರಾ ಎಂದು ಇದನ್ನೇ ಹೆಸರಿಸುವುದುಂಟು. ಇಂಥ ಕೆಲಸದಲ್ಲಿ ತೊಡಕು ಎಲ್ಲಿ ಬರುತ್ತದೆಂದರೆ, ಇಟಾಲಿಯನ್ನಿನಲ್ಲಿ ಒತ್ತು ಸಾಮಾನ್ಯವಾಗಿ ಪದದ ಕೊನೆಯಿಂದ ಎರಡನೆಯ ಅಕ್ಷರಕ್ಕೆ, ಚೆಕ್‌ನಲ್ಲಿ ಮೊದಲನೆಯದಕ್ಕೆ. ಅಕ್ಷರಗಳ ಲೆಕ್ಕ ಸರಿಹೋದರೂ ಬಲವಾದ ತಾಳಪೆಟ್ಟು ಪದದ ನಡುವೆ ಬಿದ್ದು ಮಾತು ತೊದಲಿದಂತೆ ಕೇಳಿಸುತ್ತದೆ. ಸರಿಪಡಿಸಲು ಪದ ಬದಲಿಸಬೇಕು, ಇಲ್ಲವೇ ಒಂದು ಸ್ವರವನ್ನು ಒಡೆದು ಎರಡು ಮಾಡಬೇಕು.

ಅರಮನೆಯೊಳಗೆ ಪೂರ್ವಜರ ಸಭಾಂಗಣ, ನೃತ್ಯಶಾಲೆ, ತೋಟಕ್ಕೆ ತೆರೆದುಕೊಳ್ಳುವ ಕೆಳ ಅಂತಸ್ತಿನ ಸಭಾಂಗಣ ಸಾಲಾ ತೆರ್ರೆನಾ ನೋಡಬಹುದು. ರಂಗದ ತಿರುಗಣೆ, ಪರದೆ, ರಾಟೆಗಳನ್ನು ನಿರೀಕ್ಷಿಸಬೇಡಿ. ಅವು ಬೇಕಿದ್ದರೆ ಚೆಸ್ಕಿ ಕ್ರುಮ್ಲೊವ್ ಊರಿನ ಅರಮನೆಗೆ ಹೋಗಿ, ಅಲ್ಲಿ 18ನೇ ಶತಮಾನದ ಯಂತ್ರಗಳು ಉಳಿದಿವೆ. ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ್ದು ಅರಮನೆಗೆ ಅಂಟಿಕೊಂಡೇ ಇರುವ ಸಂತ ಮಾರ್ಗರೆಟ್ ಚರ್ಚಿನಲ್ಲಿ. ಗುಮ್ಮಟದ ಅಡಿ ನಿಂತು ಒಮ್ಮೆ ಮೆಲ್ಲಗೆ ಚಪ್ಪಾಳೆ ತಟ್ಟಿದರೆ ದನಿ ಕೂಡಲೇ ಅಡಗುವುದಿಲ್ಲ. ಇಂಥ ಜಾಗದಲ್ಲಿ ವೃಂದಗಾನ ಅವಸರ ಮಾಡಿದರೆ ಒಂದು ಸಾಲು ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತದೆ. ಒಪೆರಾದ ಜೊತೆಗೆ ಮೀಚಾ ಶುಭ ಶುಕ್ರವಾರದ ಸಮಯಕ್ಕೆಂದು ಕ್ರಿಸ್ತನ ಸಮಾಧಿಯ ಮುಂದೆ ಹಾಡುವ ಸೆಪೋಲ್ಕ್ರೊಗಳನ್ನೂ ಬರೆದ.

ಆಗಸ್ಟ್‌ನಲ್ಲಿ ಬಂದರೆ ಟೆನರ್ ಪೆತರ್ ದ್ವೋರ್ಸ್ಕಿ ಹೆಸರಿನ ಸಂಗೀತೋತ್ಸವ ಸಿಗುತ್ತದೆ. ರಾತ್ರಿ ಕಛೇರಿ ಮುಗಿದ ಮೇಲೆ ಬಸ್ಸು ನೆಚ್ಚಿಕೊಳ್ಳಬೇಡಿ, ಊರಲ್ಲೇ ಕೋಣೆ ಮೊದಲೇ ಹಿಡಿದಿಡಿ.

1744ರಲ್ಲಿ ಮೀಚಾ ತೀರಿಕೊಂಡ. 1752ರಲ್ಲಿ ಕೌಂಟನೂ ಹೋದ, ಗಂಡು ಸಂತಾನವಿಲ್ಲದೆ ಆಸ್ತಿ ಕೌನಿಟ್ಸ್ ಮನೆತನಕ್ಕೆ ಸೇರಿತು. ಸಂಬಳ ಕೊಟ್ಟು, ತಾಲೀಮಿಗೆ ಹೊತ್ತು ಬಿಡಿಸಿಕೊಡುತ್ತಿದ್ದ ಒಡೆಯನೇ ಇಲ್ಲದಾಗ ಮೇಳ ಉಳಿಯಲಿಲ್ಲ. ಸ್ವರಪುಸ್ತಕಗಳೂ ಚದುರಿದವು. 20ನೇ ಶತಮಾನದಲ್ಲಿ ಸಂಗೀತ ಇತಿಹಾಸಕಾರ ವ್ಲಾದಿಮೀರ್ ಹೆಲ್ಫರ್ಟ್ ಬೆನ್ನುಹತ್ತಿ ಹುಡುಕಿ ಮೀಚಾನನ್ನು ಮತ್ತೆ ಓದುಗರ ಮುಂದೆ ತಂದ. ಊರಿನ ಒಪೆರಾದ ಹಸ್ತಪ್ರತಿಯನ್ನು ಅರಮನೆಯಲ್ಲಿ ಹುಡುಕಬೇಡಿ; ಅದು ಇರುವುದು ವಿಯೆನ್ನಾದ ಸಂಗೀತಪ್ರೇಮಿಗಳ ಸಂಘದ ಸಂಗ್ರಹದಲ್ಲಿ. ನೋಡಬೇಕೆನ್ನುವವರು ಹೊರಡುವ ಮೊದಲೇ ಅಲ್ಲಿಗೆ ಬರೆದು ಕೇಳಿಕೊಳ್ಳುವುದು ಒಳ್ಳೆಯದು.